ರೇಡಿಯೇಷನ್ ಮುಗಿದ ಮೇಲೂ ಬಿಡದ ನವೆ: ಹಚ್ಚುವ ಮೊದಲು ಅದು ಯಾವ ನವೆ ಎಂದು ನೋಡಿ

ಸ್ತನ ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ನಿನ ಕೊನೆಯ ಸಿಟ್ಟಿಂಗ್ ಮುಗಿದ ಮೇಲೂ ಒಂದೆರಡು ವಾರ ಕೆಂಪು, ಉರಿ, ಸಿಪ್ಪೆ ಏಳುವುದು ಏರುತ್ತಲೇ ಹೋಗುತ್ತದೆ. ಆಮೇಲೆ ಇಳಿಯತೊಡಗಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ನೋಡುವವರ ಕಣ್ಣಿಗೆ ಎಲ್ಲ ವಾಸಿ. ನವೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವರಿಗೆ ವರ್ಷವೂ ದಾಟುತ್ತದೆ. ಕಿರಣ ತಾಗಿದ ಜಾಗದಲ್ಲಿ ಎಣ್ಣೆಯ ಗ್ರಂಥಿ, ಬೆವರಿನ ಗ್ರಂಥಿ ಎರಡೂ ಕುಗ್ಗಿರುತ್ತವೆ, ಕೆಲವು ಮತ್ತೆ ಚೇತರಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಚರ್ಮ ತನ್ನ ಪಸೆಯನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು.

ನಾನು ಹಿಡಿದ ದಾರಿ ಇಷ್ಟೇ: ಮುಲಾಮು ಬದಲಿಸುವ ಮೊದಲು ನವೆ ಎಲ್ಲಿ ಏಳುತ್ತದೆ, ಯಾವ ಹೊತ್ತಿಗೆ, ಚರ್ಮ ನೋಡಲು ಹೇಗಿದೆ ಎಂಬ ಮೂರನ್ನು ಬರೆದಿಡುವುದು. ಒಂದೇ ಎದೆಯ ಮೇಲೆ ಮೂರು ನಾಲ್ಕು ಬಗೆಯ ನವೆ ಇರಬಹುದು, ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಕೆರಳಿಸುತ್ತದೆ.

ಹೆಚ್ಚಿನದು ಒಣಗಿದ ಚರ್ಮದ ನವೆ. ಚರ್ಮ ಬಿಗಿದ ಹಾಗೆ, ಸಣ್ಣ ಹೊಟ್ಟು ಉದುರುವ ಹಾಗೆ ಇರುತ್ತದೆ. ಸ್ನಾನ ಮುಗಿದ ಅರ್ಧ ಗಂಟೆಗೆ, ರಾತ್ರಿ ಹೊದಿಕೆಯ ಬಿಸಿಗೆ ಜೋರಾಗುತ್ತದೆ. ಇದಕ್ಕೆ ಸ್ನಾನದಿಂದಲೇ ಶುರು ಮಾಡಬೇಕು. ನೀರು ಉಗುರುಬೆಚ್ಚಗಿರಲಿ, ಹತ್ತು ನಿಮಿಷ ಮೀರದಿರಲಿ. ವಾಸನೆಯಿಲ್ಲದ, ಪಿಎಚ್ 5.5ರ ಆಸುಪಾಸಿನ ಕ್ಲೆನ್ಸರನ್ನು ಅಂಗೈಯಲ್ಲೇ ಹಚ್ಚಿ ತೊಳೆಯಿರಿ. ಉಜ್ಜುವ ನಾರು, ಸ್ಕ್ರಬ್ ಬೇಡ. ಟವೆಲನ್ನು ಒತ್ತಿ ನೀರು ಹೀರಿಸಿ, ಚರ್ಮ ಇನ್ನೂ ತುಸು ಒದ್ದೆಯಿರುವಾಗಲೇ, ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು.

ಎಷ್ಟು ಹಚ್ಚಬೇಕು ಎಂಬುದರಲ್ಲೇ ಬಹಳ ಮಂದಿ ಎಡವುವುದು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಸ್ತನ, ಕಂಕುಳು, ಕಾಲರ್ ಎಲುಬಿನ ಸುತ್ತ ಎಲ್ಲ ಸೇರಿ ಆರು ಅಂಗೈ ಎಂದಿಟ್ಟುಕೊಂಡರೆ ಒಂದು ಸಲಕ್ಕೆ ಒಂದೂವರೆ ಗ್ರಾಂ, ದಿನಕ್ಕೆ ಎರಡು ಸಲವಾದರೆ ಮೂರು ಗ್ರಾಂ, ತಿಂಗಳಿಗೆ ತೊಂಬತ್ತು. 30 ಗ್ರಾಮಿನ ಟ್ಯೂಬ್ ತಿಂಗಳಿಡೀ ಬರುತ್ತಿದ್ದರೆ ‘ಈ ಕ್ರೀಮ್ ಕೆಲಸ ಮಾಡಲಿಲ್ಲ’ ಎನ್ನುವಂತಿಲ್ಲ. ಕತ್ತಿನ ಬುಡದ ಗ್ರಂಥಿಗಳಿಗೂ ಕಿರಣ ಕೊಟ್ಟಿದ್ದರೆ ಅದು ಬೆನ್ನಿನ ಮೇಲ್ಭಾಗದಿಂದ ಹೊರಗೆ ಹೋಗಿರುತ್ತದೆ. ಹೆಗಲ ಹಿಂದಿನ ಆ ತುಂಡು ಜಾಗವೂ ಒಣಗಿ ನವೆ ಕೊಡುತ್ತದೆ, ಅಲ್ಲಿಗೆ ಯಾರೂ ಏನೂ ಹಚ್ಚಿರುವುದಿಲ್ಲ.

ಗ್ಲಿಸರಿನ್, ಸೆರಮೈಡ್, ಪೆಟ್ರೋಲಿಯಂ ಜೆಲ್ಲಿ ಇರುವ, ಪರಿಮಳ ಹಾಕದ ಕ್ರೀಮ್ ಸಾಕು. ನೀರುನೀರಾದ ಲೋಷನ್ ಹಚ್ಚಲು ಹಿತ, ಆದರೆ ಬೇಗ ಆರಿಹೋಗುತ್ತದೆ. ಐದರಿಂದ ಹತ್ತು ಶೇಕಡಾ ಯೂರಿಯಾ ಇರುವ ಕ್ರೀಮ್ ದಪ್ಪ ಹೊಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಿರುಕಿದ್ದರೆ ಚುರುಚುರು ಉರಿಯುತ್ತದೆ, ಚರ್ಮ ಪೂರ್ತಿ ಕೂಡಿದ ಮೇಲೆ ಮಾತ್ರ. ಹೊಸದು ಯಾವುದೇ ಇರಲಿ, ಮೊದಲು ಮುಂಗೈಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ವಾರ ಕಾಲ ಹಚ್ಚಿ ನೋಡಿ. ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಎಂದಲ್ಲ. ಸುಗಂಧ ತೈಲ, ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಎರಡೂ ಕೆಲವರಿಗೆ ಆಗಿಬರುವುದಿಲ್ಲ. ಕ್ಯಾಲಮೈನ್ ಮೊದಲಿಗೆ ತಂಪೆನಿಸಿದರೂ ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಸ್ತನದ ಕೆಳಗಿನ ಮಡಿಕೆಯ ನವೆಯ ಲೆಕ್ಕವೇ ಬೇರೆ. ಅಲ್ಲಿ ತೊಂದರೆ ಬೆವರು ಮತ್ತು ತಿಕ್ಕಾಟ. ದಟ್ಟ ಕೆಂಪು, ಅಂಟಂಟು, ಅಂಚಿನಾಚೆ ಚುಕ್ಕೆಯಂಥ ಗುಳ್ಳೆ, ಒಂದು ಬಗೆಯ ವಾಸನೆ ಇದ್ದರೆ ಶಿಲೀಂಧ್ರ ಸೇರಿರುವ ಸಾಧ್ಯತೆ ಹೆಚ್ಚು. ಇಲ್ಲಿಗೆ ಜಿಡ್ಡು ಮುಲಾಮು ಮೆತ್ತಿದರೆ ಅದಕ್ಕೇ ಅನ್ನ ಹಾಕಿದಂತೆ. ಒತ್ತಿ ಒರೆಸಿ, ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಟ್ಟು, ಮಡಿಕೆಯ ನಡುವೆ ತೆಳ್ಳನೆ ಹತ್ತಿ ಬಟ್ಟೆಯ ಪಟ್ಟಿ ಇಟ್ಟು, ಒದ್ದೆಯಾದಾಗ ಬದಲಿಸುವುದು. ಪೌಡರ್ ಬೆವರಿಗೆ ಉಂಡೆಗಟ್ಟಿ ಉಜ್ಜುತ್ತದೆ, ಬೇಡ. ಡಾಕ್ಟರು ಶಿಲೀಂಧ್ರವೆಂದು ಹೇಳಿದರೆ ಒಂದು ಶೇಕಡಾ ಕ್ಲೋಟ್ರಿಮಜೋಲ್ ತೆಳ್ಳಗೆ, ದಿನಕ್ಕೆರಡು ಸಲ, ಅವರು ಹೇಳಿದ ಅವಧಿ ಪೂರ್ತಿ. ಕೆಂಪು ಇಳಿದ ದಿನವೇ ನಿಲ್ಲಿಸಿದರೆ ತಿರುಗಿ ಬರುತ್ತದೆ.

ಸ್ಟೀರಾಯ್ಡ್ ಕ್ರೀಮನ್ನು ಹೆದರಿ ದೂರವಿಡುವುದೂ ಬೇಡ, ಸಿಕ್ಕಿತೆಂದು ದಿನಾ ಬಳಿಯುವುದೂ ಬೇಡ. ಕೆಂಪಾಗಿ ಉರಿಯೂತವಿರುವ ನವೆಗೆ ಒಂದು ಶೇಕಡಾ ಹೈಡ್ರೊಕಾರ್ಟಿಸೋನ್ ಅಥವಾ ಡಾಕ್ಟರು ಬರೆದುಕೊಟ್ಟ ಮೊಮೆಟಾಸೋನ್ ಕೆಲವು ದಿನ ಹಚ್ಚಿದರೆ ಗುಣ ಕಾಣುತ್ತದೆ. ಕಿರಣದಿಂದ ಮೊದಲೇ ಸೊರಗಿದ ಚರ್ಮ ದೀರ್ಘಕಾಲದ ಸ್ಟೀರಾಯ್ಡಿಗೆ ಇನ್ನೂ ತೆಳುವಾಗುತ್ತದೆ. ಶಿಲೀಂಧ್ರದ ಮೇಲೆ ಬಿದ್ದರೆ ಎರಡು ದಿನ ನವೆ ಇಳಿದಂತೆ ಮಾಡಿ ಒಳಗೊಳಗೇ ಹಬ್ಬಿಸುತ್ತದೆ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರದ ಮದ್ದು ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ನಾನಂತೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ನರದ ನವೆ. ಕಂಕುಳು, ತೋಳಿನ ಒಳಬದಿ, ಹೊಲಿಗೆಯ ಗೆರೆ. ಮುಟ್ಟಿದರೆ ಜೋಮು, ಆದರೂ ಒಳಗೆಲ್ಲೋ ತುರಿಸುತ್ತದೆ, ಕೆರೆದರೂ ಸಿಗುವುದಿಲ್ಲ. ಚರ್ಮ ನೋಡಿದರೆ ನುಣ್ಣಗೆ. ಆಪರೇಷನ್ನಿನಲ್ಲಿ ಕತ್ತರಿಸಿದ ಅಥವಾ ಎಳೆದ ನರಗಳ ಕೆಲಸ ಇದು, ಎಷ್ಟು ಕ್ರೀಮ್ ಹಚ್ಚಿದರೂ ಅಷ್ಟೇ. ಅಂಗೈಯಿಂದ ಒಂದೆರಡು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯುವುದು, ಮೆಲ್ಲಗೆ ತಟ್ಟುವುದು, ಒದ್ದೆ ಬಟ್ಟೆಯ ತಂಪು ಸಹಾಯಕ್ಕೆ ಬರುತ್ತವೆ. ಐಸನ್ನು ನೇರವಾಗಿ ಇಡಬೇಡಿ: ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯದು. ನಿದ್ದೆಗೆಡುವಷ್ಟಿದ್ದರೆ ಡಾಕ್ಟರಿಗೆ ‘ನರದ ನವೆ ಇರಬಹುದೇ’ ಎಂದೇ ಕೇಳಿ, ಗ್ಯಾಬಪೆಂಟಿನ್‌ನಂಥ ಬೇರೆ ಜಾತಿಯ ಮಾತ್ರೆಗಳಿವೆ.

ಸಿಟಿರಿಜಿನ್ ಥರದ ಅಲರ್ಜಿ ಮಾತ್ರೆಯಿಂದ ಈ ನವೆಗಳಿಗೆ ಹೆಚ್ಚೇನೂ ಆಗುವುದಿಲ್ಲ, ಮಂಪರು ಬಂದು ರಾತ್ರಿ ಕಳೆಯುತ್ತದೆ ಅಷ್ಟೆ. ಸ್ತನ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ತಡೆಯುವ ಮಾತ್ರೆ ಟಾಮಾಕ್ಸಿಫೆನ್ ನುಂಗುವವರು ಡೈಫೆನ್‌ಹೈಡ್ರಮೈನ್ ಎಂಬ ಅಲರ್ಜಿ ಮದ್ದು ಇರುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಟಾಮಾಕ್ಸಿಫೆನ್ನನ್ನು ಕೆಲಸಕ್ಕೆ ಹಚ್ಚುವ ಎನ್‌ಜೈಮಿಗೆ ಅದು ಅಡ್ಡ ಬರುತ್ತದೆ. ಎರಡೂ ಬದಿ, ಕೈಕಾಲೆಲ್ಲ ಒಣಗಿ ನವೆಯಾಗುತ್ತಿದ್ದರೆ ರೇಡಿಯೇಷನ್ನನ್ನು ದೂರಬೇಡಿ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಸ್ತನ ಕ್ಯಾನ್ಸರಿನ ಮಾತ್ರೆಗಳು ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಇಳಿಸಿ ಮೈಯನ್ನೇ ಒಣಗಿಸುತ್ತವೆ. ಗುಳ್ಳೆಯೇ ಇಲ್ಲದೆ ಮೈಯಿಡೀ ನವೆಯಾದರೆ ಲಿವರ್, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಬ್ರಾ ತಂತಿಯಿಲ್ಲದ, ಮೆತ್ತನೆ ಹತ್ತಿಯದು, ಹೊಲಿಗೆ ಒಳಗೆ ಒತ್ತದಂಥದು. ಸೋಪಿನ ಅಂಶ ಉಳಿಯದಂತೆ ಇನ್ನೊಂದು ಸಲ ಜಾಲಿಸಿ. ಸಿಲಿಕೋನ್ ಪ್ರೋಸ್ಥೆಸಿಸ್ (ಬ್ರಾದೊಳಗೆ ಇಡುವ ಕೃತಕ ಸ್ತನ) ಹಾಕುವವರು ಅದನ್ನು ದಿನಾ ತೊಳೆದು ಒರೆಸಿ, ಚರ್ಮಕ್ಕೆ ನೇರ ತಾಗದಂತೆ ಹತ್ತಿಯ ಚೀಲದಲ್ಲಿಡಬೇಕು. ಈಜುಕೊಳದಿಂದ ಬಂದ ಕೂಡಲೇ ಕ್ಲೋರಿನ್ ತೊಳೆದು ಕ್ರೀಮ್ ಹಚ್ಚಿ. ಕಂಕುಳಿಗೆ ಬ್ಲೇಡಿನ ಬದಲು ಎಲೆಕ್ಟ್ರಿಕ್ ಟ್ರಿಮ್ಮರ್. ಕಿರಣ ಬಿದ್ದ ಜಾಗಕ್ಕೆ ಬಿಸಿಲು ಮುಂದೆಂದೂ ನೇರ ತಾಗದಿರಲಿ: ಬಟ್ಟೆ ಮುಚ್ಚಿ, ಮುಚ್ಚದ ಕಡೆ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್.

ಮನೆಮದ್ದು ಬದಿಗಿಟ್ಟು ತಕ್ಷಣ ತೋರಿಸಬೇಕಾದವು ಕೆಲವಿವೆ. ಜ್ವರದ ಜೊತೆ ಬಿಸಿಯಾಗಿ ಹಬ್ಬುವ ಕೆಂಪು ಸೋಂಕಿರಬಹುದು, ಅದೇ ದಿನ ಹೋಗಬೇಕು. ಒಂದೇ ಬದಿಯ ಮೊಲೆತೊಟ್ಟಿನಲ್ಲಿ ಹೊಟ್ಟು, ಹುಣ್ಣು ಎರಡು ಮೂರು ವಾರಕ್ಕೂ ಮಾಯದಿದ್ದರೆ ಎಕ್ಸಿಮಾ ಎಂದು ಸುಮ್ಮನಿರಬಾರದು, ಮೊಲೆತೊಟ್ಟಿನ ಕ್ಯಾನ್ಸರಾದ ಪ್ಯಾಜೆಟ್ ಕಾಯಿಲೆ ಹಾಗೆಯೇ ಕಾಣುತ್ತದೆ. ಸ್ತನ ದಿಢೀರನೆ ಊದಿ ಕಿತ್ತಳೆ ಸಿಪ್ಪೆಯಂತೆ ತೂತುತೂತಾದರೆ, ಹೊಸ ಗಂಟು ಕೈಗೆ ಸಿಕ್ಕರೆ ಮುಂದಿನ ಚೆಕಪ್ಪಿಗೆ ಕಾಯುವುದು ಬೇಡ. ವರ್ಷಗಳು ಕಳೆದ ಮೇಲೆ ಪೆಟ್ಟು ಬಿದ್ದ ನೆನಪೇ ಇಲ್ಲದೆ ನೇರಳೆ ಬಣ್ಣದ ಕಲೆ ಮೂಡಿ ದೊಡ್ಡದಾಗುತ್ತಿದ್ದರೆ, ಅಪರೂಪದ್ದಾದರೂ ಅದು ಕಿರಣದಿಂದ ಬರುವ, ರಕ್ತನಾಳದ ಕ್ಯಾನ್ಸರಾದ ಆ್ಯಂಜಿಯೊಸಾರ್ಕೋಮಾ ಇರಬಹುದು. ನೋಡುವ ಡಾಕ್ಟರು ಹೊಸಬರಾದರೆ ರೇಡಿಯೇಷನ್ ಆಗಿದೆ, ಯಾವ ವರ್ಷ, ಯಾವ ಬದಿ ಎಂಬುದನ್ನು ಮೊದಲೇ ಹೇಳಿ.