ಏನೂ ಹಾಕದ ಪ್ಲೇಟಿನಲ್ಲೂ ಕೋಶಗಳು ಓಡಿದವು

ಪ್ಲೇಟಿನ ತಳಕ್ಕೆ ಅಂಟಿ ಬೆಳೆದ ಕೋಶಗಳ ಮೇಲೆ ಪಿಪೆಟ್ ಟಿಪ್ಪಿನಿಂದ ಒಂದು ಗೆರೆ ಎಳೀತೀವಿ. ಗೆರೆ ಹೋದ ಕಡೆ ಕೋಶಗಳು ಕಿತ್ತು ಬಂದು ಖಾಲಿ ಜಾಗ ಉಳಿಯುತ್ತದೆ. ಅಕ್ಕಪಕ್ಕದ ಕೋಶಗಳು ಅಲ್ಲಿಗೆ ಎಷ್ಟು ಬೇಗ ನುಗ್ಗುತ್ತವೆ ಅಂತ ನೋಡುವುದು, ಅಷ್ಟೇ. ಕ್ಯಾನ್ಸರ್ ಕೋಶಗಳ ಓಟ ಅಳೆಯಲು ಅಗ್ಗದ ದಾರಿ. ಪಿಎಚ್‌ಡಿಯ ಮೊದಲ ವರ್ಷ ನಾನು ಇಂಥ ಗೆರೆಗಳನ್ನು ಲೆಕ್ಕವಿಲ್ಲದಷ್ಟು ಎಳೆದೆ. ಮೊದಲ ಎರಡು ತಿಂಗಳಿನವೆಲ್ಲ ಕಸದ ಬುಟ್ಟಿಗೆ ಹೋದವು.

ನನ್ನ ವಿಷಯ ಪಿತ್ತನಾಳದ ಕ್ಯಾನ್ಸರ್. ಲಿವರ್‌ನಿಂದ ಕರುಳಿಗೆ ಪಿತ್ತರಸ ಹರಿಯುವ ಕೊಳವೆಯ ಒಳಪದರದಲ್ಲಿ ಹುಟ್ಟುವ ರೋಗ ಇದು. ಕಣ್ಣು ಹಳದಿಯಾಗಿ, ಮೈ ತುರಿಸಿ, ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಎಷ್ಟೋ ಸಲ ಹರಡಿಬಿಟ್ಟಿರುತ್ತದೆ. ಈಶಾನ್ಯ ಥಾಯ್ಲೆಂಡಿನಲ್ಲಿ ಇದು ಜಾಸ್ತಿ. ಅಲ್ಲಿ ಹಸಿ ಮೀನಿನ ಜೊತೆ ಹೊಟ್ಟೆಗೆ ಹೋಗುವ ಒಂದು ಹುಳ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಕಾರಣ ಯಾವುದೇ ಇರಲಿ, ಗಡ್ಡೆ ಬೆಳೆಯುವುದು ಪಿತ್ತರಸದ ಒಡನಾಟದಲ್ಲೇ. ನಾಳ ಕಟ್ಟಿಕೊಂಡರಂತೂ ಪಿತ್ತರಸ ಅಲ್ಲೇ ಮಡುಗಟ್ಟುತ್ತದೆ.

ಆ ಪಿತ್ತರಸವೇ ಕೋಶಗಳನ್ನು ಓಡಿಸಬಹುದು ಅಂತ 2014ರಲ್ಲಿ ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಪಿತ್ತರಸದಲ್ಲಿ ಟಾರೋಕೋಲೇಟ್ ಎಂಬ ಲವಣ ಇರುತ್ತದೆ. ಅದು ಕೋಶದ ಮೈಮೇಲೆ ಕೂತು ಹೊರಗಿನ ಸಂಕೇತ ಹಿಡಿಯುವ ಎಸ್1ಪಿಆರ್2 ಎಂಬ ರಿಸೆಪ್ಟರನ್ನು ಎಬ್ಬಿಸುತ್ತದೆ. ರಿಸೆಪ್ಟರ್ ಎದ್ದರೆ ಒಳಗೆ ಇಆರ್‌ಕೆ, ಎಕೆಟಿ ಎಂಬ ಪ್ರೋಟೀನುಗಳು ಚುರುಕಾಗುತ್ತವೆ. ಕೋಶ ಬೆಳೆಯುತ್ತದೆ, ಪಕ್ಕಕ್ಕೆ ನುಗ್ಗುತ್ತದೆ. "ಮೊದ್ಲು ಇದನ್ನೇ ಮಾಡಿ ಕೈ ಪಳಗಿಸ್ಕೋ. ನಿನ್ನ ಪ್ರಶ್ನೆ ಆಮೇಲೆ" ಅಂದರು ನಮ್ಮ ಗೈಡ್ ಮೇಡಂ.

ಕೋಶ ಬಂದಿದ್ದು ಎಚ್‌ಯುಸಿಸಿಟಿ-1, ಜಪಾನಿನ ರೋಗಿಯೊಬ್ಬರ ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ನೀರಿನಿಂದ ಹಿಂದೆ ಬೆಳೆಸಿದ ತಳಿ. ಒಂದು ಪ್ಲೇಟಿಗೆ 100 ಮೈಕ್ರೋಮೋಲಾರ್ ಟಾರೋಕೋಲೇಟ್ ಹಾಕಿದೆ. ಇನ್ನೊಂದಕ್ಕೆ ಏನೂ ಇಲ್ಲ, ಹೋಲಿಸಿ ನೋಡಲು ಇಟ್ಟ ಕಂಟ್ರೋಲ್ ಅದು. 24 ಗಂಟೆ ಬಿಟ್ಟು ನೋಡಿದರೆ ಎರಡರಲ್ಲೂ ಗೆರೆ ಅರ್ಧಕ್ಕರ್ಧ ಮುಚ್ಚಿತ್ತು. ಟಿಪ್ ಬದಲಿಸಿದೆ. ಫೋಟೋ ತೆಗೆಯುವ ಜಾಗ ತಪ್ಪಬಾರದು ಅಂತ ಪ್ಲೇಟಿನ ಅಡಿಗೆ ಮಾರ್ಕರಿನಲ್ಲಿ ಗುರುತು ಹಾಕಿದೆ. ಊಹೂಂ, ಅದೇ ಕಥೆ.

ಧಾರವಾಡ ಕಡೆಯ ಸೀನಿಯರ್ ಒಬ್ಬರು ನನ್ನ ನೋಟ್‌ಬುಕ್ ತಿರುವಿ ಹಾಕಿ ನಕ್ಕರು. "ಏನವಾ, 10 ಪರ್ಸೆಂಟ್ ಸೀರಂ ಹಾಕಿದ ಮ್ಯಾಲ ಅದು ಕಂಟ್ರೋಲ್ ಹೆಂಗಾಗ್ತದ? ಅದರಾಗ ಎಸ್1ಪಿ ಇರ್ತದಲ್ಲ."

ನಾಚಿಕೆಯಾಯಿತು. ಎಸ್1ಪಿ ಅನ್ನೋದು ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ಈ ರಿಸೆಪ್ಟರಿಗೆ ಹೆಸರು ಬಂದಿದ್ದೇ ಅದರಿಂದ! ಕೋಶಗಳಿಗೆ ಊಟ ಅಂತ ಹಾಕುವ ಸೀರಂ ತಯಾರಾಗುವುದು ರಕ್ತ ಹೆಪ್ಪುಗಟ್ಟಿಸಿ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಎಸ್1ಪಿ ಬಿಡುತ್ತವೆ. ಪಾಠದಲ್ಲಿ ರಿಸೆಪ್ಟರ್ ಅಂದರೆ ಬೀಗ, ಅದಕ್ಕೊಂದು ಕೀಲಿ ಅಂತ ಹೇಳಿಕೊಡ್ತಾರೆ. ಇಲ್ಲಿ ಒಂದೇ ಬೀಗಕ್ಕೆ ಎರಡು ಕೀಲಿ. ಒಂದನ್ನು ನಾನೇ ಎಲ್ಲ ಪ್ಲೇಟಿಗೂ ಸುರಿದು, ಇನ್ನೊಂದರ ಕೆಲಸ ಯಾಕೆ ಕಾಣ್ತಿಲ್ಲ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಆಮೇಲೆ ಇದ್ದಿಲು ಹಾಯಿಸಿ ಕೊಬ್ಬು ತೆಗೆದ ಸೀರಂನಲ್ಲಿ ಬೆಳೆಸಿದೆ. ಗೆರೆ ಎಳೆಯುವ ಹಿಂದಿನ ರಾತ್ರಿ ಅದನ್ನೂ ತೆಗೆದು ಕೋಶಗಳನ್ನು ಉಪವಾಸ ಕೆಡವಿದೆ. ಇನ್ನೊಂದು ತೊಡಕಿತ್ತು. ಟಾರೋಕೋಲೇಟ್ ಕೋಶಗಳ ಸಂಖ್ಯೆಯನ್ನೂ ಹೆಚ್ಚಿಸುತ್ತದೆ. ಗೆರೆ ಮುಚ್ಚಿದ್ದು ಓಡಿದ್ದಕ್ಕೋ, ಮರಿ ಹಾಕಿದ್ದಕ್ಕೋ? ಅದಕ್ಕೆ ಮೈಟೋಮೈಸಿನ್ ಹಾಕಿ ವಿಭಜನೆ ನಿಲ್ಲಿಸಬೇಕು. ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಇಷ್ಟೆಲ್ಲ ಆದ ಮೇಲೆ ಏನೂ ಹಾಕದ ಪ್ಲೇಟಿನ ಗೆರೆ ಮರುದಿನವೂ ಅಗಲವಾಗಿಯೇ ಇತ್ತು. ಪಕ್ಕದ ಪ್ಲೇಟಿನದು ಕಿರಿದಾಗಿತ್ತು. ಆ ಖಾಲಿ ಗೆರೆ ಕಂಡು ನನಗಾದಷ್ಟು ಖುಷಿ ಮುಚ್ಚಿದ ಗೆರೆ ಕಂಡೂ ಆಗಲಿಲ್ಲ.

ಸುಮ್ನೆ ಓಡುವುದು ಬೇರೆ, ಗೋಡೆ ಕೊರೆದು ಹೋಗುವುದು ಬೇರೆ. ಕೊರೆಯುವುದನ್ನು ನೋಡಲು 8 ಮೈಕ್ರಾನ್ ತೂತುಗಳ ಜರಡಿಯಂಥ ಪುಟ್ಟ ಬಟ್ಟಲು ಇದೆ. ಮೇಲೆ ಮ್ಯಾಟ್ರಿಜೆಲ್ ಎಂಬ ಅಂಟು ಹಚ್ಚಬೇಕು. ಇದು ತುಪ್ಪಕ್ಕೆ ಪೂರ್ತಿ ಉಲ್ಟಾ. ತಣ್ಣಗಿದ್ದರೆ ನೀರು, ಬೆಚ್ಚಗಾದರೆ ಗಟ್ಟಿ. ಮೊದಲ ಸಲ ಟಿಪ್ಪುಗಳನ್ನು ಫ್ರೀಜರಿನಲ್ಲಿಡಲು ಮರೆತು, ಅರ್ಧ ಅಂಟು ಟಿಪ್ಪಿನೊಳಗೇ ಹೆಪ್ಪುಗಟ್ಟಿತು. ಅದರ ಬೆಲೆ ಮೇಡಂಗೆ ಹೇಳುವ ಧೈರ್ಯ ಬರಲಿಲ್ಲ. ಜರಡಿ ದಾಟಿ ಅಡಿಗೆ ಬಂದ ಕೋಶಗಳಿಗೆ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, ಮೇಲೆ ಉಳಿದವನ್ನು ಇಯರ್ ಬಡ್‌ನಿಂದ ಒರೆಸಿ, ಕೂತು ಎಣಿಸಬೇಕು. ನೇರಳೆ ಹಣ್ಣು ತಿಂದವಳ ಥರ ಬೆರಳೆಲ್ಲ ಬಣ್ಣ.

ರಿಸೆಪ್ಟರನ್ನು ತಡೆಯುವ ಜೆಟಿಇ-013 ಹಾಕಿದಾಗ ಅಡಿಗೆ ಬಂದವು ಕಡಿಮೆಯಾದವು. ಆದರೆ ಅದೊಂದನ್ನೇ ನಂಬಬೇಡಿ. ಪ್ರಮಾಣ ಹೆಚ್ಚಾದರೆ ಅದು ಬೇರೆ ಕಡೆಯೂ ಕೈ ಹಾಕುತ್ತದೆ. ರಿಸೆಪ್ಟರಿನ ಜೀನಿನ ಕೆಲಸವನ್ನೇ ತಗ್ಗಿಸಿ ಇನ್ನೊಮ್ಮೆ ನೋಡಬೇಕು, ನಾನೂ ನೋಡಿದೆ. ಇನ್ನೊಂದು ವಿಚಿತ್ರ ಹೇಳಲೇಬೇಕು. ಇಲಿಯ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳಲ್ಲಿ ಇದೇ ರಿಸೆಪ್ಟರ್ ಓಟವನ್ನು ತಡೆಯುತ್ತದೆ. ಅಲ್ಲಿ ಬ್ರೇಕು, ಇಲ್ಲಿ ಆಕ್ಸಿಲರೇಟರ್. ಹಾಗಾಗಿ ಥೀಸಿಸ್‌ನಲ್ಲಿ ಎಲ್ಲೂ 'ಕೆಟ್ಟ ರಿಸೆಪ್ಟರ್' ಅಂತ ಬರೆದಿಲ್ಲ.

ಮದುವೆ ಮನೆಗಳಲ್ಲಿ ಕೇಳ್ತಾರೆ, "ಅಂದ್ರೆ ಮಾತ್ರೆ ಇದ್ಯಾ?" ಎಫ್‌ಜಿಎಫ್‌ಆರ್2 ಎಂಬ ಬೇರೊಂದು ರಿಸೆಪ್ಟರಿನ ಜೀನ್ ಮುರಿದು ಇನ್ನೊಂದಕ್ಕೆ ಅಂಟಿಕೊಂಡ ರೋಗಿಗಳಿಗೆ ಇದೆ. ಪೆಮಿಗಾಟಿನಿಬ್ ಎಂಬ ಆ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನನ್ನ ರಿಸೆಪ್ಟರಿಗೆ ಇಲ್ಲ. ನಮ್ಮ ಫ್ರೀಜರಿನ ಜೆಟಿಇ-013 ಶೀಶೆಯ ಮೇಲೆ 'ಸಂಶೋಧನೆಗೆ ಮಾತ್ರ' ಅಂತಲೇ ಬರೆದಿದೆ.