ಹಳೇ ಎಂಜಿಬಿಯ ಕೂಲಿಂಗ್ ಭಾಗಗಳಿಗೆ ಪೌಡರ್ ಕೋಟಿಂಗ್: ಎಲ್ಲಿ ಬೇಕು, ಎಲ್ಲಿ ಬೇಡ

ತುಮಕೂರಿನಲ್ಲಿ ಪೌಡರ್ ಕೋಟಿಂಗ್, ಅಂದರೆ ಲೋಹದ ಮೇಲೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವ ಕೆಲಸ, ಮಾಡುವವರಿಗೆ ಬರ ಇಲ್ಲ. ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಹೋದರೆ ಬೀರು, ಗ್ರಿಲ್ಲು, ಕುರ್ಚಿ ಫ್ರೇಮು ಅಂತ ಓವನ್‌ಗಳಿಗೆ ಬಿಡುವೇ ಇರುವುದಿಲ್ಲ. ಕೋಟ್ ಮಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಇಂಜಿನ್ ಭಾಗದಲ್ಲಿ ಎಲ್ಲಿ ಪೌಡರ್ ಬೀಳಬಾರದು ಅನ್ನೋದನ್ನು ನಾವೇ ಹೇಳಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ.

ನಾನು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದವನು. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ ಇನ್ನೂ ತಲೆಯಿಂದ ಹೋಗಿಲ್ಲ. ಪೌಡರ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪ ಕೂರುತ್ತದೆ. ಬೀರುವಿಗೆ ಅದು ಲೆಕ್ಕಕ್ಕೇ ಇಲ್ಲ. ವಾಟರ್ ಪಂಪಿನ ಬೇರಿಂಗ್ ಕೂರುವ ತೂತಿನಲ್ಲಿ ಅಷ್ಟು ಬಂದರೆ ಬೇರಿಂಗ್ ಒಳಗೇ ಹೋಗುವುದಿಲ್ಲ.

ನಮ್ಮ ಮನೆಯಲ್ಲಿರುವುದು 1965ರ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1798 ಸಿಸಿ ಇಂಜಿನ್, ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವ ಗಾಡಿ. ಮುಂದೆ ಹೇಳುವುದೆಲ್ಲ ಅದನ್ನು ಇಟ್ಟುಕೊಂಡು.

ಮೊದಲು ಒಂದು ಮಾತು: ರೇಡಿಯೇಟರನ್ನು ಓವನ್‌ಗೆ ಕೊಡಲೇಬೇಡಿ. ಇದು ಹಿತ್ತಾಳೆ ಟ್ಯಾಂಕು, ತಾಮ್ರದ ಕೋರು, ಸೀಸ-ತವರದ ಬೆಸುಗೆ. ಆ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಪೌಡರ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ. ಮುಂದೇನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ? ರೇಡಿಯೇಟರ್ ಅಂಗಡಿಯವರ ಹತ್ತಿರ ಟ್ಯಾಂಕ್ ಬಿಚ್ಚಿಸಿ, ಟ್ಯೂಬುಗಳಿಗೆ ಕಡ್ಡಿ ಆಡಿಸಿ, ಮೇಲೆ ತೆಳುವಾಗಿ ಮ್ಯಾಟ್ ಕಪ್ಪು ಸ್ಪ್ರೇ ಹೊಡೆಸಿ. ಅಷ್ಟು ಸಾಕು. ದಪ್ಪ ಬಣ್ಣ ಬಳಿದರೆ ಶಾಖ ಹೊರಗೆ ಹೋಗಲು ಅದೇ ಅಡ್ಡ.

ಕೋಟ್ ಮಾಡಿಸಬಹುದಾದವು: ರೇಡಿಯೇಟರ್ ಕೂರುವ ತಗಡಿನ ಪ್ಯಾನೆಲ್, ಲೋಹದ ಫ್ಯಾನು, ಪುಲ್ಲಿ, ಡೈನಮೋ ಬ್ರಾಕೆಟ್ಟು, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಮುಚ್ಚಳ, ಬೇರಿಂಗ್ ಸೀಲ್ ತೆಗೆದ ಖಾಲಿ ಪಂಪ್ ಬಾಡಿ.

ಬಿಚ್ಚುವಾಗ ಥರ್ಮೋಸ್ಟಾಟ್ ಮುಚ್ಚಳದ ಮೂರು ಸ್ಟಡ್ ಹತ್ತಿರ ತಾಳ್ಮೆ ಬೇಕು. ವರ್ಷಗಟ್ಟಲೆ ತುಕ್ಕು ಹಿಡಿದು ಮುಚ್ಚಳಕ್ಕೆ ಅಂಟಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಬೆಳಗ್ಗೆ ಸ್ವಲ್ಪ ಬಿಸಿ ಮಾಡಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಅಲ್ಯುಮಿನಿಯಂ ಅಂಚು ಹೋಯ್ತು. ನಟ್ಟು ಬೋಲ್ಟುಗಳು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಥ್ರೆಡ್ಡು. ಅಂಗಡಿಯಲ್ಲಿ ಸಿಗುವ 8 ಎಂಎಂ ಬೋಲ್ಟು ಹತ್ತಿರ ಹತ್ತಿರ ಕೂತಂತೆ ಕಾಣುತ್ತದೆ, ತಿರುಗಿಸಿದರೆ ಥ್ರೆಡ್ಡೇ ಹಾಳು. ಹಳೆಯದನ್ನೇ ಡಬ್ಬಿಯಲ್ಲಿ ಜೋಪಾನ ಮಾಡಿ.

ಫ್ಯಾನನ್ನು ಕೊಡುವ ಮುಂಚೆ ಬಿರುಕು ನೋಡಲೇಬೇಕು. ಕೋಟ್ ಕೂತ ಮೇಲೆ ಬಿರುಕು ಕಾಣುವುದಿಲ್ಲ, ಓಡುವಾಗ ರೆಕ್ಕೆ ಮುರಿದರೆ ರೇಡಿಯೇಟರ್ ಸೀಳಿಕೊಂಡು ಹೋಗುತ್ತದೆ. ರೆಕ್ಕೆ ಬುಡಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಡೀಸೆಲ್ ಆದರೂ ನಡೆಯುತ್ತೆ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು, ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಫ್ಯಾನು ಗುಜರಿಗೆ. ವೆಲ್ಡಿಂಗ್ ಮಾಡಿಸೋಣ ಅಂದುಕೊಳ್ಳಬೇಡಿ.

ಇನ್ನು ಪೌಡರ್ ಬೀಳಬಾರದ ಜಾಗಗಳನ್ನು ಮುಚ್ಚುವ ಕೆಲಸ. ಇದನ್ನು ಮನೆಯಲ್ಲೇ ಗುರುತು ಹಾಕಿಕೊಂಡು, ಅಂಗಡಿಯಲ್ಲಿ ನಿಂತು ಮಾಡಿಸಿ. ನಾನು ಹೋಗುವ ಅಂಗಡಿಯ ಹುಡುಗ, "ಸಾರ್, ಬ್ಯಾಚ್ ಜೊತೆ ಹಾಕ್ಬಿಡ್ತೀನಿ, ಸಂಜೆ ಬನ್ನಿ" ಅಂದ. "ಬೇಡಪ್ಪ, ಒಂದು ಹತ್ತು ನಿಮಿಷ ನಿಲ್ಲು, ಇವಕ್ಕೆಲ್ಲ ಬಿರಡೆ ಹಾಕೋಣ" ಅಂತ ಕೂತು ಮಾಡಿದೆವು. ತೂತುಗಳಿಗೆ ಬಿಸಿ ತಡೆಯುವ ಸಿಲಿಕಾನ್ ಬಿರಡೆ, ಸಮತಟ್ಟು ಜಾಗಕ್ಕೆ ಹಸಿರು ಪಾಲಿಯೆಸ್ಟರ್ ಟೇಪು. ಮಾಮೂಲಿ ಮಾಸ್ಕಿಂಗ್ ಟೇಪು ಓವನ್‌ನಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ.

ಗ್ಯಾಸ್ಕೆಟ್ ಕೂರುವ ಮುಖ, ಎಲ್ಲ ಥ್ರೆಡ್ಡು, ಪಂಪಿನ ಬೇರಿಂಗ್ ಮತ್ತು ಸೀಲ್ ಜಾಗ, ನೀರು ಹರಿಯುವ ಒಳಭಾಗ ಇವೆಲ್ಲ ಬರಿ ಲೋಹವಾಗಿಯೇ ಇರಬೇಕು. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡೂ ಅಷ್ಟೇ. ಫ್ಯಾನೂ ಪುಲ್ಲಿಯೂ ಒಂದಕ್ಕೊಂದು ತಾಗುವ ಜಾಗದಲ್ಲಿ ಪೌಡರ್ ಇದ್ದರೆ ಕ್ರಮೇಣ ನಲುಗಿ ಬೋಲ್ಟು ಸಡಿಲವಾಗುತ್ತದೆ. ಪಂಪ್ ಬಾಡಿಯ ಕೆಳಗೆ ಒಂದು ಚಿಕ್ಕ ತೂತಿದೆ. ಸೀಲ್ ಸೋತಾಗ ನೀರು ಹೊರಗೆ ಜಿನುಗಲಿ, ಬೇರಿಂಗ್ ಉಳಿಯಲಿ ಅಂತ ಇಟ್ಟಿರುವುದು ಅದು. ಅದು ಮುಚ್ಚಿಹೋದರೆ ಪಂಪ್ ಸಾಯುವ ತನಕ ನಮಗೆ ಸುಳಿವೇ ಸಿಗುವುದಿಲ್ಲ.

ಎರಕದ ಭಾಗಗಳನ್ನು ಪೌಡರ್ ಹೊಡೆಯುವ ಮುಂಚೆ ಒಮ್ಮೆ ಖಾಲಿ ಓವನ್‌ನಲ್ಲಿ, ಬೇಯಿಸುವ ಬಿಸಿಗಿಂತ ತುಸು ಜಾಸ್ತಿಗೆ ಕಾಯಿಸಲು ಹೇಳಿ. ರಂಧ್ರಗಳಲ್ಲಿ ಕುಡಿದು ಕೂತಿರುವ ಎಣ್ಣೆ, ಗಾಳಿ ಆಗಲೇ ಹೊರಬರಲಿ. ಇಲ್ಲದಿದ್ದರೆ ಕೋಟ್ ತುಂಬ ಸೂಜಿಮೊನೆ ತೂತು. ಹಳೇ ಬಣ್ಣ, ತುಕ್ಕು ತೆಗೆಯಲು ರಭಸದಿಂದ ಹೊಡೆಯುವ ಬ್ಲಾಸ್ಟಿಂಗ್ ಮರಳು ಪಂಪಿನ ಒಳಗೆ ಉಳಿಯದಂತೆ ಗಾಳಿ ಹೊಡೆದು, ನೀರಲ್ಲಿ ತೊಳೆದು, ಬೆರಳಾಡಿಸಿ ನೋಡಿ.

ಜೋಡಿಸುವಾಗ ಡೈನಮೋ ಬ್ರಾಕೆಟ್ ಕಡೆ ಗಮನ ಇರಲಿ. ಡೈನಮೋಗೆ ಅರ್ಥ್ ಸಿಗುವುದೇ ತನ್ನ ಬಾಡಿ, ಬ್ರಾಕೆಟ್ಟು, ಬೋಲ್ಟುಗಳ ಮೂಲಕ. ಪೌಡರ್ ಕರೆಂಟ್ ಬಿಡುವುದಿಲ್ಲ. ಬೋಲ್ಟ್ ಕೂರುವ ಜಾಗ ಕೆರೆದು, ಹಲ್ಲಿರುವ ವಾಷರ್ ಹಾಕಿ. ಫ್ಯಾನ್ ಬೆಲ್ಟು ಉದ್ದದ ಭಾಗದ ನಡುವೆ ಒತ್ತಿದರೆ ಅರ್ಧ ಇಂಚು ಒಳಗೆ ಹೋಗಬೇಕು.

ಥರ್ಮೋಸ್ಟಾಟನ್ನು ಪಾತ್ರೆ ನೀರಲ್ಲಿ ಕಾಯಿಸಿ ಪರೀಕ್ಷೆ ಮಾಡಿ. 82 ಡಿಗ್ರಿಗೆ ತೆರೆಯುವುದು ಮಾಮೂಲಿ, ಬಿಸಿ ಊರಿಗೆ 74ರದ್ದೂ ಉಂಟು. ಆದರೆ 74 ಹಾಕಿದರೆ ಗಾಡಿ ಕಾಯೋದೇ ಇಲ್ಲ ಅನ್ನೋದು ಸುಳ್ಳು. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಎರಡೂ ಒಂದೇ.

ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸ್ನಾನದ ಮನೆ ನಲ್ಲಿಯ ಮೇಲೆ ಕೂರುವ ಬಿಳಿ ಸುಣ್ಣವೇ ರೇಡಿಯೇಟರ್ ಟ್ಯೂಬಿನಲ್ಲೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮತ್ತು ಗ್ಲೈಕಾಲ್ ಕೂಲೆಂಟ್ ಸಮಸಮ ಬೆರೆಸಿ. ಒಟ್ಟು ಸುಮಾರು 5.5 ಲೀಟರ್ ಹಿಡಿಯುತ್ತದೆ. ಹೀಟರ್ ವಾಲ್ವ್ ತೆರೆದು, ಗಾಡಿ ಮೂತಿ ಸ್ವಲ್ಪ ಎತ್ತರಕ್ಕಿಟ್ಟು, ನಿಧಾನಕ್ಕೆ ತುಂಬಿಸಿ. ಇಂಜಿನ್ ಬಿಸಿಯಿದ್ದಾಗ ಕ್ಯಾಪ್ ಮುಟ್ಟಬೇಡಿ.

ಮೊದಲು ಊರೊಳಗೆ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ, ಆಮೇಲೆ ದೇವರಾಯನದುರ್ಗದ ಏರಿನಲ್ಲಿ ಮೀಟರ್ ಮುಳ್ಳು ನೋಡಿ. ನಿಂತಾಗ ಮಾತ್ರ ಏರಿದರೆ ಫ್ಯಾನು, ಬೆಲ್ಟು ನೋಡಿ. ಏರಿನಲ್ಲೂ ಹೆದ್ದಾರಿ ಓಟದಲ್ಲೂ ಏರಿದರೆ ರೇಡಿಯೇಟರ್ ಮೇಲೆ ಅನುಮಾನ ಪಡಿ. ಮಾರನೆಯ ಬೆಳಗ್ಗೆ, ಎಲ್ಲ ತಣ್ಣಗಿರುವಾಗ, ಹೋಸ್ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಕೂಲೆಂಟ್ ಇಳಿದಿದ್ದರೆ ಅದೇ ಮಿಶ್ರಣವನ್ನು ತುಂಬಿಸಿ.