ದಿನಕ್ಕೆ ಮೂರೇ ಸಾಲು: ಸ್ತೋತ್ರದ ಪುಸ್ತಕ ಕೈಹಿಡಿದ ಬಗೆ

ಸ್ತೋತ್ರವನ್ನು, ಅಂದರೆ ದೇವರ ಉಪಕಾರಕ್ಕೆ ಹೇಳುವ ಕೃತಜ್ಞತೆಯನ್ನು, ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದಾಗ ನಮ್ಮ ಕ್ರೈಸ್ತ ಸಭೆಯಲ್ಲಿ ಹಲವರು, ಇದೇನು ಕಿರಾಣಿ ಅಂಗಡಿಯ ಲೆಕ್ಕವೇ ಎಂದಿದ್ದರು. ಈಗ ಆರು ವರ್ಷದ ಮೇಲಾಯಿತು, ಹನ್ನೊಂದೋ ಹನ್ನೆರಡೋ ಪುಸ್ತಕ ತುಂಬಿವೆ. ಅವರಲ್ಲೇ ನಾಲ್ಕೈದು ಮನೆಯವರು ಇದೇ ಕ್ರಮ ಹಿಡಿದಿದ್ದಾರೆ. ಸ್ತೋತ್ರ ಏಕೆ ಸಲ್ಲಿಸಬೇಕೆಂದು ನಿಮಗೆ ಹೇಳಬೇಕಿಲ್ಲ. ಎಲ್ಲಿ ಕೆಡುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಕೆಟ್ಟದ್ದು ಸಂಖ್ಯೆಯಲ್ಲಿ. ದಿನಕ್ಕೆ ಹತ್ತು ಉಪಕಾರ ಎಂದು ಹೊರಟರೆ ಎರಡನೇ ವಾರಕ್ಕೇ 'ಆರೋಗ್ಯ, ಕುಟುಂಬ, ಊಟ' ಎಂಬ ಬಾಯಿಪಾಠ ಶುರು. ಮೂರಕ್ಕೆ ಇಳಿಸಿದೆ. ನಿಯಮ ಒಂದೇ: ಬೇರೆ ಯಾವ ದಿನಕ್ಕೂ ಹೊಂದದ ಸಾಲಾಗಿರಬೇಕು. 'ಊಟಕ್ಕಾಗಿ ಸ್ತೋತ್ರ' ನಡೆಯದು. 'ಕರ್ತನೇ, ಪಕ್ಕದ ಮನೆಯವರ ಕೈಯಲ್ಲಿ ಬಿಸಿ ಹುರುಳಿ ಸಾರು ಕಳಿಸಿದೆ' ನಡೆಯುತ್ತದೆ. ಸಾಲು ದೇವರ ಮುಖ ನೋಡಿ ಹೇಳಿದಂತಿರಬೇಕು. 'ಬಸ್ ಸಿಕ್ಕಿತು' ಎಂದರೆ ದಿನಚರಿ. 'ಬಸ್ ಸಿಗುವಂತೆ ಮಾಡಿದೆ' ಎಂದರೆ ಪ್ರಾರ್ಥನೆ. ಆನಂದ ಹುಟ್ಟಿದ್ದು ಈ ತಿದ್ದುಪಡಿಯಾದ ಮೇಲೆಯೇ.

ಹಣವೂ ಹೋಯಿತು. ದಿನಕ್ಕೊಂದು ಬೈಬಲ್ ವಚನ ಅಚ್ಚಾದ ದಪ್ಪ ರಟ್ಟಿನ ಡೈರಿಗೆ ಸುಮಾರು 450 ರೂಪಾಯಿ. ಅಂದದ ಹಾಳೆಯ ಮೇಲೆ ಅಂದದ ಮಾತೇ ಬರುತ್ತದೆ, ನಿಜ ಬರುವುದಿಲ್ಲ. ಮೊಬೈಲ್ ಆಪ್‌ಗೆ ವರ್ಷಕ್ಕೆ ಸಾವಿರದ ಹತ್ತಿರ. ಬರೆಯಲು ತೆರೆದರೆ ವಾಟ್ಸ್‌ಆಪ್ ಎಳೆದುಕೊಳ್ಳುತ್ತಿತ್ತು. ಈಗ ಐವತ್ತು ರೂಪಾಯಿಯೊಳಗಿನ 200 ಪುಟದ ನೋಟ್‌ಬುಕ್, ದಿನಕ್ಕೊಂದು ಪುಟ. ಪೆನ್ನನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿಡಿ. ಮಲಗುವ ಹೊತ್ತು ಬೇಡ, ನಿದ್ದೆ ಗೆಲ್ಲುತ್ತದೆ. ಸಂಜೆಯ ಕುಟುಂಬ ಪ್ರಾರ್ಥನೆಗೆ ಐದು ನಿಮಿಷ ಮುಂಚೆ ಸರಿಹೋಗುತ್ತದೆ.

ಕ್ರಮ ಹೆಚ್ಚಾಗಿ ಮುರಿಯುವುದು ಕಷ್ಟದ ದಿನಗಳಲ್ಲಿ. ಅಳುವನ್ನು ನುಂಗಿಕೊಂಡು ಬರೆದ ಸ್ತೋತ್ರ ನಾಲ್ಕು ದಿನವೂ ಬಾಳದು. ಬೈಬಲಿನ 13ನೇ ಕೀರ್ತನೆಗೆ ಆರೇ ವಚನ. ಎಷ್ಟರವರೆಗೆ ನನ್ನನ್ನು ಮರೆತಿರುವಿ ಎಂಬ ದೂರಿನಿಂದ ಹೊರಟು ಹಾಡಿನಲ್ಲಿ ಮುಗಿಯುತ್ತದೆ. ನನ್ನ ಪುಟದ ಅಳತೆ ಅದೇ: ಮೇಲರ್ಧ ದೂರು, ಕೆಳಗೆ ಮೂರು ಸಾಲು. ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಸ್ತೋತ್ರ ಮಾಡಿರಿ ಎಂದು ಬರೆದದ್ದು 'ಎಲ್ಲದರಲ್ಲಿಯೂ' ಎಂದು, 'ಎಲ್ಲದಕ್ಕಾಗಿಯೂ' ಎಂದಲ್ಲ; ಆ 'ಅಲ್ಲಿ'ಯನ್ನು ಗಮನಿಸಿ. ಕಾಯಿಲೆಗಾಗಿಯೇ ಸ್ತೋತ್ರ ಬರೆ ಎಂದು ರೋಗಿಯನ್ನು ಒತ್ತಾಯಿಸಬಾರದು, ಅದು ಕ್ರೂರತನ. ರಾತ್ರಿ ದಿಂಬು ಸರಿಮಾಡಿದ ನರ್ಸ್‌ಗಾಗಿ ಬರೆಯಲಿ.

ಇನ್ನೊಂದು ಕಳೆ, ಹೋಲಿಕೆ. 'ಅವರ ಹಾಗೆ ನಮಗಾಗಲಿಲ್ಲವಲ್ಲ' ಎಂಬ ಸಾಲು ಕಂಡರೆ ಹೊಡೆದುಹಾಕಿ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ, ತಾನು ಉಳಿದವರಂತಲ್ಲ ಎಂದು ಬೀಗುವ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ.

ಪಕ್ಕದ ಪ್ರಯೋಗ ಎರಡು. ಉಪಕಾರಕ್ಕೊಂದು ಹುಣಸೆ ಬೀಜ ಡಬ್ಬಿಗೆ ಹಾಕಿದ್ದು ಸೋತಿತು. ಮಕ್ಕಳು ಡಬ್ಬಿ ತುಂಬಿಸುವ ಪೈಪೋಟಿಗೆ ಇಳಿದರು. ಗೆದ್ದದ್ದು 136ನೇ ಕೀರ್ತನೆ. ಅದರ 26 ವಚನಕ್ಕೂ ಪಲ್ಲವಿ ಒಂದೇ, ದೇವರ ಕೃಪೆ ಶಾಶ್ವತ ಎಂಬುದು. ಒಬ್ಬರು ಆ ವಾರ ಮನೆಯಲ್ಲಿ ನಡೆದದ್ದನ್ನು ಒಂದೊಂದಾಗಿ ಹೇಳುವುದು, ಉಳಿದವರು ಪಲ್ಲವಿ ಹಿಡಿಯುವುದು. ಹತ್ತು ಸಾಲು ಸಾಕು, ಮೂರು ನಿಮಿಷ. ಚಿಕ್ಕವರು ತಾವಾಗಿಯೇ ಸಾಲು ಸೇರಿಸತೊಡಗುತ್ತಾರೆ.

ಶನಿವಾರ ವಾರದ ಪುಟಗಳನ್ನು ತಿರುಗಿಸಿ ಒಬ್ಬರನ್ನು ಆರಿಸಿ, ಅವರಿಗೇ ಫೋನ್ ಮಾಡಿ ಕೃತಜ್ಞತೆ ಹೇಳಬೇಕು. ಯೇಸುವಿನಿಂದ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ತಿರುಗಿ ಬಂದವನು ಸಮಾರ್ಯ ಸೀಮೆಯವನೊಬ್ಬನೇ. ಆ ಒಬ್ಬರನ್ನು ಆರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ; ಅದನ್ನು ಇಲ್ಲಿ ಬರೆಯುವುದಿಲ್ಲ, ಆರು ತಿಂಗಳ ಪುಟಗಳಿದ್ದರೆ ನಿಮಗೂ ಹೊಳೆಯುತ್ತದೆ. ಇನ್ನು ಕಾಣಿಕೆ: ಪುಸ್ತಕ ಬರೆದ ದಿನ ಹತ್ತು ರೂಪಾಯಿ ಡಬ್ಬಿಗೆ. ತಿಂಗಳಿಗೆ ಮುನ್ನೂರರ ಆಸುಪಾಸು. ಸಭೆಯ ಸುಗ್ಗಿ ಕಾಣಿಕೆಯ ದಿನವಾದ ಬೆಳೆ ಹಬ್ಬಕ್ಕೆ ಅದನ್ನು ಕಾಣಿಕೆಯ ಲಕೋಟೆಗೆ ಹಾಕುವಾಗ ವರ್ಷದ ಪುಟಗಳಿಂದ ಹನ್ನೆರಡು ಸಾಲನ್ನು ಗಟ್ಟಿಯಾಗಿ ಓದಿ. ಬೈಬಲಿನ ಧರ್ಮೋಪದೇಶಕಾಂಡ 26ರಲ್ಲೂ ಪ್ರಥಮಫಲದ, ಅಂದರೆ ಮೊದಲ ಬೆಳೆಯ, ಪುಟ್ಟಿ ಕೊಟ್ಟರೆ ಮುಗಿಯಲಿಲ್ಲ, ದೇವರು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು.